ಮಿಕ್ಸಿ ಕೂಗದ ಆದಿತ್ಯವಾರ

ಕದ್ರಿಯ ಆ ಮೂರು ಮಾಳಿಗೆಯ ಹಳೆಯ ಫ್ಲ್ಯಾಟಿನಲ್ಲಿ ಆದಿತ್ಯವಾರ ಬಂತೆಂದು ತಿಳಿಯಲು ಯಾರೂ ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಮೀನಿನ ಗುಲಾಬಿ ಗೇಟಿನ ಹತ್ತಿರ ಬುಟ್ಟಿ ಇಳಿಸಿ ಕೂಗುತ್ತಾಳೆ. ಒಂಬತ್ತೂವರೆಗೆ ಮೂರನೇ ಮಾಳಿಗೆಯ ಬೋಜಣ್ಣನ ಮನೆಯಲ್ಲಿ ತೆಂಗಿನಕಾಯಿ, ಮೆಣಸು, ಹುಳಿ ಹಾಕಿ ಮಿಕ್ಸಿ ತಿರುಗಿಸುತ್ತಾರೆ. ಹತ್ತು ಗಂಟೆಗೆ ಎರಡನೇ ಮಾಳಿಗೆಯ ನೀರಜಾಕ್ಷಿ ಟೀಚರು "ಶುರುವಾಯ್ತು" ಎಂದು ಹೇಳಿ ತಮ್ಮ ಅಡುಗೆಮನೆಯ ಕಿಟಕಿಯನ್ನು ಠಪ್ಪೆಂದು ಮುಚ್ಚುತ್ತಾರೆ. ಅವರದು ತಲೆಮಾರುಗಳಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ. ಮೇಲಿನಿಂದ ಇಳಿದು ಬರುವ ಬಂಗುಡೆ ಗಸಿಯ ವಾಸನೆಯ ಬಗ್ಗೆ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಮಾಡಿದ ಪ್ರತಿಭಟನೆ ಆ ಒಂದು ಠಪ್ಪ್ ಮಾತ್ರ.

ಈ ಸದ್ದುಗಳ ಕ್ರಮವೇ ತಪ್ಪಿದ ಒಂದು ಆದಿತ್ಯವಾರ ಬಂತು. ಅದಕ್ಕೆ ಕಾರಣ ಒಂದು ಡಿವಿಡಿ ಮತ್ತು ಬೋಜಣ್ಣನ ತಿಳಿವಳಿಕೆ. ಇವೆರಡರಲ್ಲಿ ಯಾವುದರ ಪಾಲು ಹೆಚ್ಚು ಎಂಬ ಬಗ್ಗೆ ಆ ಕಟ್ಟಡದಲ್ಲಿ ಇನ್ನೂ ಒಮ್ಮತವಿಲ್ಲ.

ಬೋಜಣ್ಣ ಹಂಪನಕಟ್ಟೆಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬು, ವಯರು ಮಾರಿ ನಿವೃತ್ತನಾದವನು. ಆದರೆ ಯಾರಾದರೂ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದರೂ ಸಾಕು, "ನಾನು ಮೊದಲು ವಿಡಿಯೋ ಲೈನಲ್ಲಿದ್ದವ" ಎಂದು ಮುಂದೆ ಬರುತ್ತಿದ್ದ. ಅದು ಸುಳ್ಳಲ್ಲ. ಅಂಗಡಿ ಸೇರುವ ಮೊದಲು ಎರಡು ಮದುವೆ ಸೀಸನ್ ಪೂರ್ತಿ ಅವನು ವಿಡಿಯೋದವರ ಹಿಂದೆ ಲೈಟು ಹಿಡಿದುಕೊಂಡು ಓಡಾಡಿದ್ದ. ಉದ್ದದ ವಯರು ಎಳೆದುಕೊಂಡು, ನೆಂಟರ ಕಾಲುಗಳ ನಡುವೆ ನುಸುಳಿ, ಮದುಮಗಳ ಮುಖಕ್ಕೆ ಬೆಳಕು ಬೀಳಿಸುವ ಕೆಲಸ. ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ತಂಗಿ ವಾರಿಜಳ ಮದುವೆಯಲ್ಲೂ ಅವನೇ ಲೈಟು ಹಿಡಿದ. ಹಾಗಾಗಿ ಮೂರು ಗಂಟೆಯ ಆ ಕ್ಯಾಸೆಟ್ಟಿನಲ್ಲಿ ಊರಿನವರೆಲ್ಲ ಇದ್ದಾರೆ, ಮದುಮಗಳ ಅಣ್ಣ ಮಾತ್ರ ಎಲ್ಲಿಯೂ ಇಲ್ಲ.

ಆ ಕ್ಯಾಸೆಟ್ಟಿನಲ್ಲಿ ಇನ್ನೊಬ್ಬರು ಎರಡು ನಿಮಿಷ ಇದ್ದರು. ಬೋಜಣ್ಣನ ತಂದೆ ಐತಪ್ಪ. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಮನುಷ್ಯ. ಮಗಳ ಮದುವೆಯಾಗಿ ಮೂರೇ ವರ್ಷಕ್ಕೆ ತೀರಿಕೊಂಡರು. ಅವರು ಉಸಿರಾಡುವುದು, ಮಾತಾಡುವುದು ಈ ಲೋಕದಲ್ಲಿ ಆ ಎರಡು ನಿಮಿಷಗಳಲ್ಲಿ ಮಾತ್ರ ಉಳಿದಿತ್ತು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹದಿನೈದು ವರ್ಷಗಳಿಂದ ಯಾರೂ ಅದನ್ನು ನೋಡಿರಲಿಲ್ಲ.

ಈಗ ಬೋಜಣ್ಣನ ತಾಯಿ ದೇಯಿಯಮ್ಮನಿಗೆ ಎಂಬತ್ತನಾಲ್ಕು. ಸೋಮವಾರ ಬೆಳಿಗ್ಗೆ ಕಣ್ಣಿನ ಆಪರೇಷನ್. ಹತ್ತು ನಿಮಿಷದ ಕೆಲಸ ಅಜ್ಜಿ ಎಂದು ಡಾಕ್ಟರು ಹೇಳಿದ್ದರು. "ಅವರಿಗೆ ಹತ್ತು ನಿಮಿಷ. ಕಣ್ಣು ನನ್ನದಲ್ವಾ?" ಎಂದು ದೇಯಿಯಮ್ಮ ಮನೆಗೆ ಬಂದ ಮೇಲೆ ಹೇಳಿದರು. ಆಮೇಲೆ ಮಗನನ್ನು ಹತ್ತಿರ ಕರೆದು ಮೆಲ್ಲನೆ, "ಬೋಜ, ಆ ಕಣ್ಣು ಮುಟ್ಟುವ ಮೊದಲು ನಿನ್ನ ಅಪ್ಪನನ್ನು ಒಂದು ಸಲ ನೋಡ್ಬೇಕು" ಎಂದರು.

ಬೋಜಣ್ಣ ಕ್ಯಾಸೆಟ್ಟು ಹಿಡಿದುಕೊಂಡು ಬಲ್ಮಠದ ರಿಯಾಝನ ಅಂಗಡಿಗೆ ಓಡಿದ. ರಿಯಾಝ್ ನಾಲ್ಕು ದಿನ ಕೂತು ಟೇಪು ಒರೆಸಿ, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಬೋಜಣ್ಣನ ಮಗಳು ಅಕ್ಷಿತಾ ಅದನ್ನು ಮೊಬೈಲಿಗೆ ಹಾಕಿ ಅಜ್ಜಿಯ ಮುಂದೆ ಹಿಡಿದಳು. ದೇಯಿಯಮ್ಮ ಕೈ ಅಡ್ಡ ಹಿಡಿದರು.

"ಬೇಡ ಮಗಾ. ಮೊಬೈಲು ನಿನ್ನದು. ಇನ್ನು ನಾನು ಅವರನ್ನು ನೋಡ್ಬೇಕಾದ್ರೆ ಪ್ರತಿ ಸಲ ನಿನ್ನ ಹತ್ರ ಕೇಳ್ಬೇಕಾ? ನನ್ನ ಮೆಷಿನಿಗೆ ಹಾಕಿ ಕೊಡಿ."

ಅವರ ಮೆಷಿನು ಎಂದರೆ ವಾರಿಜಳ ಮಗ ದೀಪೇಶ ಮೊದಲ ಸಲ ಅಬುಧಾಬಿಯಿಂದ ಬರುವಾಗ ತಂದ ಡಿವಿಡಿ ಪ್ಲೇಯರ್. ಅವರ ಕೋಣೆಯ ಹಳೆಯ ಡಬ್ಬಿ ಟೀವಿಯ ಮೇಲೆ ಕೂತಿತ್ತು. ಜೀವಮಾನದಲ್ಲಿ ಅವರು ಕಲಿತದ್ದು ಆ ಒಂದೇ ಯಂತ್ರ. ಒಂದು ಗುಂಡಿ ಒತ್ತಿದರೆ ತಟ್ಟೆ ಹೊರಗೆ, ಇನ್ನೊಂದು ಒತ್ತಿದರೆ ಒಳಗೆ, ಮತ್ತೊಂದು ಒತ್ತಿದರೆ ಹಿಂದಕ್ಕೆ. ಯಾರ ಉಪಕಾರವೂ ಬೇಡ.

ರಿಯಾಝನ ಅಂಗಡಿಯಲ್ಲಿ ಡಿವಿಡಿ ಮಾಡುವ ಯಂತ್ರ ಕೆಟ್ಟು ಯಾವುದೋ ಕಾಲವಾಗಿತ್ತು. ಕಪಾಟಿನ ಅಡಿಗೆ ಕೈ ಹಾಕಿ ಹುಡುಕಿ ಎರಡು ಖಾಲಿ ಡಿಸ್ಕು ಕೊಟ್ಟ. "ಬೋಜಣ್ಣ, ಇದು ಬಿಟ್ರೆ ಊರಲ್ಲಿ ಎಲ್ಲಿ ಉಂಟು ಅಂತ ನನಗೂ ಗೊತ್ತಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಮಾಡಿ. ಮಾಡುವಾಗ ಅದಕ್ಕೆ ಬೇರೆ ಕೆಲಸ ಕೊಡ್ಬೇಡಿ, ಆಯ್ತಾ? ಹಳೇದು, ಸ್ಲೋ ಆಗ್ತದೆ."

"ನನಗೆ ಹೇಳ್ಬೇಕಾ ರಿಯಾಝ್? ನಾನು ವಿಡಿಯೋ ಲೈನಲ್ಲಿ..."

"ಗೊತ್ತುಂಟು, ಗೊತ್ತುಂಟು" ಎಂದ ರಿಯಾಝ್.

ಶನಿವಾರ ಸಂಜೆ ಮೊದಲ ಡಿಸ್ಕು ನೂರಕ್ಕೆ ತೊಂಬತ್ತೊಂಬತ್ತರವರೆಗೆ ಬಂತು. ಬೋಜಣ್ಣ ಕುರ್ಚಿಯ ತುದಿಗೆ ಸರಿದು ಕೈಮುಗಿದು ಕೂತಿದ್ದ. ಅಷ್ಟರಲ್ಲಿ ಅವನ ಹೆಂಡತಿ, ಹೆಸರು ಬಾಗಿ, ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿಯ ಗುಂಡಿ ತಿರುಗಿಸಿದಳು. ಅದೇ ಕ್ಷಣಕ್ಕೆ ಇಡೀ ಬೀದಿಯ ಕರೆಂಟು ಹೋಯಿತು. ಡಿಸ್ಕು ಹೋಯಿತು. ಬೋಜಣ್ಣನ ಮುಖದಲ್ಲಿ ಮಾತ್ರ ಒಂದು ಬೆಳಕು ಬಂತು.

"ಈಗ ಅರ್ಥವಾಯ್ತು! ನಾನು ಮದುವೆಯಲ್ಲಿ ಲೈಟು ಹಾಕಿದ್ರೆ ಅಡುಗೆಯವರ ಗ್ರೈಂಡರು ಮೆಲ್ಲಗಾಗ್ತಿತ್ತು. ಭಟ್ಟರು ಸೌಟು ಹಿಡಿದು ನನ್ನನ್ನು ಓಡಿಸಿಕೊಂಡು ಬರ್ತಿದ್ರು. ಹಾಗಾದ್ರೆ ಗ್ರೈಂಡರು ಹಾಕಿದ್ರೆ ವಿಡಿಯೋ ಮೆಲ್ಲಗಾಗುದು ಸಹಜ ಅಲ್ವಾ?"

"ಪಪ್ಪ, ಇಡೀ ಬೀದಿಯ ಕರೆಂಟು ಹೋಗಿದೆ" ಎಂದಳು ಅಕ್ಷಿತಾ.

"ನೋಡು, ನಿನ್ನ ಅಮ್ಮನ ಮಿಕ್ಸಿಯ ಶಕ್ತಿ!"

ಬಾಗಿ ಮಿಕ್ಸಿಯ ಜಾರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತಳು. ಮೂವತ್ತು ವರ್ಷದ ಸಂಸಾರದಲ್ಲಿ ಎಲ್ಲಿ ಮಾತಾಡಬಾರದು ಎಂದು ಕಲಿತವಳು. ಜಾರನ್ನು ಹಿಡಿದುಕೊಂಡೇ ಒಳಗೆ ಹೋದಳು.

ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಬೋಜಣ್ಣ ಸ್ನಾನ ಮಾಡಿ ಉಳಿದ ಒಂದೇ ಡಿಸ್ಕಿಗೆ ಕೆಲಸ ಶುರುಮಾಡಿದ. ಪರದೆಯ ಮೇಲೆ ಎರಡು ಗಂಟೆ ಬಾಕಿ ಎಂದು ಬಂತು. ಮಿಕ್ಸಿಯ ಪ್ಲಗ್ಗು ಕಿತ್ತು ತನ್ನ ಕಿಸೆಗೆ ಹಾಕಿಕೊಳ್ಳಲಾಗದ್ದರಿಂದ ಮಿಕ್ಸಿಯನ್ನೇ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಫ್ರಿಜ್ಜು ಬಂದ್ ಮಾಡಿದ. ಅರ್ಧ ಗಂಟೆ ಕಳೆದು ನೋಡಿದರೆ ಮೂರೂವರೆ ಗಂಟೆ ಬಾಕಿ. ಎಲ್ಲೋ ಕರೆಂಟು ಸೋರುತ್ತಿದೆ ಎಂದು ಫ್ಯಾನುಗಳನ್ನು ಬಂದ್ ಮಾಡಿದ. ಐದು ಗಂಟೆ ಬಾಕಿ. ಧೂಳು ಹೋಗುತ್ತಿರಬಹುದು ಎಂದು ಕಿಟಕಿಗಳನ್ನು ಮುಚ್ಚಿದ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ದೇಯಿಯಮ್ಮ ಒಂದು ಕಾಲದಲ್ಲಿ ಕ್ರೋಶಾದಲ್ಲಿ ಹೆಣೆದ ಹೊದಿಕೆ ಇತ್ತು. ಅದರಲ್ಲಿ ತೂತುಗಳಿವೆ ಎಂದು ಅವನಿಗೆ ಆಗ ಹೊಳೆಯಿತು. ಅದರ ಮೇಲೆ ಮೈ ಒರೆಸುವ ದಪ್ಪದ ಬೈರಾಸು ಹೊದಿಸಿ, ಸ್ನಾನ ಮಾಡಿಸಿದ ಕೂಸನ್ನು ಸುತ್ತಿದ ಹಾಗೆ ಸುತ್ತಿದ. ಏಳು ಗಂಟೆ ಬಾಕಿ.

ಆಗ ಕೆಳಗಿನಿಂದ ಗುಲಾಬಿ ಕೂಗಿದಳು. "ಬಾಗಿಯಕ್ಕಾ, ಬಂಗುಡೆ ಉಂಟು! ಈಗ ಬೋಟಿನಿಂದ ಇಳಿದದ್ದು!"

ಮಿಕ್ಸಿ ಇಲ್ಲದೆ ಮಸಾಲೆ ಇಲ್ಲ, ಫ್ರಿಜ್ಜಿಲ್ಲದೆ ಮೀನು ಇಡುವ ಹಾಗಿಲ್ಲ. ಬೋಜಣ್ಣ ಬಾಲ್ಕನಿಗೆ ಹೋಗಿ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಹೇಳಿದ. ಆಮೇಲೆ ಎರಡೂ ಕೈ ಆಡಿಸಿ, "ಇವತ್ತು ಮೀನು ಬೇಡ" ಎಂದ, ಮೆಲ್ಲನೆ.

 ಗುಲಾಬಿಯ ಲೆಕ್ಕದಲ್ಲಿ ಆದಿತ್ಯವಾರ ಮೀನು ಬೇಡ ಎನ್ನುವ ಮನೆಗಳು ಎರಡೇ: ವ್ರತ ಹಿಡಿದ ಮನೆ, ಸಾವು ಬಂದ ಮನೆ. ಬೋಜಣ್ಣ ವ್ರತ ಹಿಡಿಯುವ ಮನುಷ್ಯನಲ್ಲ. ಅವಳು ತಲೆಯ ಮೇಲಿನ ಸಿಂಬಿ ತೆಗೆದು ಎದೆಗೆ ಒತ್ತಿಕೊಂಡು, ಮೂರನೇ ಮಾಳಿಗೆಯ ಮುಚ್ಚಿದ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೂಗದೆ, ಬುಟ್ಟಿ ಹೊತ್ತು ಮುಂದಿನ ಬೀದಿಗೆ ನಡೆದಳು. ಮುಂದಿನ ಬೀದಿಯಲ್ಲಿ ಅವಳು ಏನು ಹೇಳಿದಳೆಂದು ಬೇರೆ ಬರೆಯಬೇಕಾಗಿಲ್ಲ.

ಎರಡನೇ ಮಾಳಿಗೆಯಲ್ಲಿ ನೀರಜಾಕ್ಷಿ ಟೀಚರು ಹತ್ತು ಗಂಟೆಗೆ ಕಿಟಕಿಯ ಬಾಗಿಲಿಗೆ ಕೈ ಹಾಕಿ ನಿಂತರು. ಹತ್ತು ಕಳೆದು ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಮೇಲಿನಿಂದ ಸದ್ದಿಲ್ಲ, ವಾಸನೆಯಿಲ್ಲ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೂಗೆಳೆದು ನೋಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರಾಗಿಯೇ ಹಾಗೆ ಮಾಡಿದ್ದು ಅದೇ ಮೊದಲು.

"ರೀ," ಎಂದು ಗಂಡನನ್ನು ಕರೆದರು, "ಮೇಲೆ ಎಂತದೋ ಆಗಿದೆ. ಮೀನಿನ ವಾಸನೆ ಬರುದಿಲ್ಲ."

"ಒಳ್ಳೇದಾಯ್ತಲ್ಲ!"

"ಎಂತ ಒಳ್ಳೇದು? ನಾಳೆ ದೇಯಿಯಮ್ಮನಿಗೆ ಆಪರೇಷನ್ ಇತ್ತು."

ಹೃಷೀಕೇಶ ರಾಯರು ಪೇಪರು ಮಡಚಿದರು. ಅವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಫ್ಲ್ಯಾಟಿನ ಸಂಘದ ಕಾರ್ಯದರ್ಶಿ. ಅಷ್ಟರಲ್ಲಿ ಬೋಜಣ್ಣನೇ ಬಾಗಿಲಲ್ಲಿ ನಿಂತಿದ್ದ. ಮೂರು ಗಂಟೆ ಪರದೆ ನೋಡಿ ಕಣ್ಣು ಕೆಂಪಾಗಿತ್ತು. ಫ್ಯಾನಿಲ್ಲದ ಮನೆಯಿಂದ ಬಂದ ಅಂಗಿ ಬೆನ್ನಿಗೆ ಅಂಟಿತ್ತು.

"ರಾಯರೇ, ಒಂದು ಉಪಕಾರ ಆಗ್ಬೇಕಿತ್ತು. ನೀರಿನ ಪಂಪು, ಲಿಫ್ಟು ಎರಡೂ ಸ್ವಲ್ಪ ಹೊತ್ತು ಬಂದ್ ಮಾಡ್ಲಿಕ್ಕೆ ಆಗ್ತದಾ? ಅಮ್ಮನಿಗೋಸ್ಕರ."

"ಖಂಡಿತ, ಖಂಡಿತ. ಎಷ್ಟು ಹೊತ್ತು?"

"ಹೇಳ್ಲಿಕ್ಕಾಗುದಿಲ್ಲ. ಬೆಳಿಗ್ಗೆ ಎರಡು ಗಂಟೆ ಅಂತ ಇತ್ತು. ಈಗ ಒಂಬತ್ತು." ಬೋಜಣ್ಣ ತಗ್ಗಿದ ದನಿಯಲ್ಲಿ ಸೇರಿಸಿದ, "ಯಾರಿಗೂ ಹೇಳ್ಬೇಡಿ. ಜನ ಒಂದಕ್ಕೆರಡು ಮಾತಾಡ್ತಾರೆ."

ಯಾರಿಗೂ ಹೇಳಬಾರದ ವಿಷಯವಾದ್ದರಿಂದ ರಾಯರು ಅದನ್ನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹಾಕಿದರು. 'ಮೂರನೇ ಮಾಳಿಗೆಯ ಹಿರಿಯರೊಬ್ಬರ ಸ್ಥಿತಿಗತಿಯ ಹಿನ್ನೆಲೆಯಲ್ಲಿ ಪಂಪು ಹಾಗೂ ಲಿಫ್ಟನ್ನು ಮುಂದಿನ ಸೂಚನೆಯವರೆಗೆ ಸ್ಥಗಿತಗೊಳಿಸಲಾಗಿದೆ. ನಿವಾಸಿಗಳು ಮೌನದಿಂದ ಸಹಕರಿಸಬೇಕಾಗಿ ಕೋರಿಕೆ.'

ನಿವಾಸಿಗಳು ಮೌನದಿಂದ ಸಹಕರಿಸಿದರು. ಮೌನವಾಗಿಯೇ ಮೊಬೈಲು ಒತ್ತಿದರು. ಹನ್ನೊಂದರೊಳಗೆ ಸುದ್ದಿ ಬಜಪೆಗೆ ತಲುಪಿ, ಅಲ್ಲಿ ಗಂಡನ ಮನೆಯಲ್ಲಿದ್ದ ವಾರಿಜ ಒಲೆಯ ಮೇಲಿನ ಅನ್ನ ಇಳಿಸಿ ರಿಕ್ಷಾ ಹತ್ತಿದಳು. ದಾರಿಯಲ್ಲಿ ಬ್ರೆಡ್ಡು, ಅರ್ಧ ಡಜನ್ ಮೂಸಂಬಿ ತೆಗೆದಳು. ಅವುಗಳನ್ನು ತಿನ್ನುವವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಆದರೆ ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಿ ರೂಢಿಯಿಲ್ಲ. ರಿಕ್ಷಾದಿಂದಲೇ ಅಬುಧಾಬಿಗೆ ಫೋನು ಮಾಡಿ ಅತ್ತಳು. ದೀಪೇಶ ಆ ಕಡೆಯಿಂದ, "ಅಳ್ಬೇಡಿ ಅಮ್ಮ, ನಾನು ಟಿಕೆಟ್ ನೋಡ್ತೇನೆ" ಎಂದ.

ಲಿಫ್ಟಿಲ್ಲದೆ ಮೂರು ಮಾಳಿಗೆ ಹತ್ತಿ ವಾರಿಜ ಅಣ್ಣನ ಮನೆಯೊಳಗೆ ಕಾಲಿಟ್ಟಾಗ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕಿಟಕಿಗಳು ಮುಚ್ಚಿವೆ. ಬಾಗಿ ಒಂದು ಮೂಲೆಯಲ್ಲಿ ಮುಖಕ್ಕೆ ಸೆರಗು ಒತ್ತಿ ಬೆವರು ಒರೆಸುತ್ತಿದ್ದಾಳೆ. ಅಣ್ಣ ಪರದೆಯ ಮುಂದೆ ತಲೆಗೆ ಕೈಕೊಟ್ಟು ಕೂತಿದ್ದಾನೆ. ಪಕ್ಕದಲ್ಲಿ ಏನನ್ನೋ ಬೈರಾಸಿನಲ್ಲಿ ಸುತ್ತಿಟ್ಟಿದೆ.

"ಅಣ್ಣಾ... ಆಯ್ತಾ?"

"ಇಲ್ಲ ಮಾರಾಯ್ತಿ. ಇನ್ನೂ ಹತ್ತೊಂಬತ್ತು ಗಂಟೆ ಅಂತ ತೋರಿಸ್ತದೆ. ನನಗೆ ನಂಬಿಕೆ ಹೋಯ್ತು."

ವಾರಿಜ ಮೂಸಂಬಿಯ ಚೀಲವನ್ನು ಕೈಬಿಟ್ಟು ಗಟ್ಟಿಯಾಗಿ ಅತ್ತಳು. ಮೂಸಂಬಿಗಳು ಆರು ದಿಕ್ಕಿಗೆ ಉರುಳಿದವು. ಸೆಕೆಗೆ ಮಲಗಿಬಿಟ್ಟಿದ್ದ ದೇಯಿಯಮ್ಮ ತಮ್ಮ ಕೋಣೆಯಲ್ಲಿ ಎಚ್ಚರಗೊಂಡು ಹೊರಗೆ ಬಂದರು. ಬಜಪೆಯ ಮಗಳು ಹೇಳದೆ ಕೇಳದೆ ಬಂದು ನಡುಮನೆಯಲ್ಲಿ ಅಳುತ್ತಿದ್ದಾಳೆ. ತಾಯಿಗೆ ಇದ್ದದ್ದು ಒಂದೇ ಅರ್ಥ.

"ಅಯ್ಯೋ ದೇವರೇ, ಅಳಿಯನಿಗೆ ಎಂತ ಆಯ್ತು?" ಎಂದು ಅವರು ಮಗಳನ್ನು ತಬ್ಬಿಕೊಂಡು ತಾವೂ ಅತ್ತರು.

ತಾಯಿ ಎದ್ದು ಬಂದದ್ದು ಕಂಡು ವಾರಿಜಳ ಅಳು ಇಮ್ಮಡಿಯಾಯಿತು. ಕಡೆಗಾಲದಲ್ಲಿ ಮನುಷ್ಯರಿಗೆ ಹೀಗೆ ಒಮ್ಮೆ ಶಕ್ತಿ ಬರುತ್ತದೆಂದು ಅವಳು ಎಲ್ಲೋ ಕೇಳಿದ್ದಳು. ಅಷ್ಟಕ್ಕೆ ನೀರಜಾಕ್ಷಿ ಟೀಚರು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು, ಹಿಂದೆ ರಾಯರು, ರಾಯರ ಹಿಂದೆ ಒಂದನೇ ಮಾಳಿಗೆಯವರು, ಎಲ್ಲರ ಹಿಂದೆ ಗೇಟಿನಲ್ಲಿ ಬುಟ್ಟಿ ಇಳಿಸಿ ಬಂದ ಗುಲಾಬಿ ಬಾಗಿಲಲ್ಲಿ ಕಾಣಿಸಿಕೊಂಡರು. ದೇಯಿಯಮ್ಮ ನಿಂತುಕೊಂಡು ಅಳುವುದನ್ನು ನೋಡಿ ಟೀಚರು ಗಲಿಬಿಲಿಗೊಂಡರು.

"ಹಾಗಾದ್ರೆ ಹೋದದ್ದು ಯಾರು?"

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಎಣಿಸಿಕೊಂಡರು. ಅಕ್ಷಿತಾ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತ, "ಯಾರೂ ಹೋಗ್ಲಿಲ್ಲ ಆಂಟಿ! ಪಪ್ಪ ಡಿವಿಡಿ ಮಾಡ್ತಾ ಇದ್ದಾರೆ!" ಎಂದಳು.

ಎಲ್ಲರೂ ಬೈರಾಸಿನ ಗಂಟಿನ ಕಡೆಗೆ ತಿರುಗಿದರು.

"ಪಂಪು ಬಂದ್ ಮಾಡಿಸಿದ್ದು..." ರಾಯರು ಮೆಲ್ಲನೆ ಕೇಳಿದರು.

"ಹೌದು. ಮೆಲ್ಲಗಾಗ್ತದೆ ಅಂತ."

"ಒಂದನೇ ಮಾಳಿಗೆಯವರು ಅರ್ಧ ಸ್ನಾನದಲ್ಲಿ ಎದ್ದು ಬಂದಿದ್ದಾರೆ ಬೋಜಣ್ಣ!"

ದೇಯಿಯಮ್ಮ ಕಣ್ಣೊರೆಸಿಕೊಂಡರು. ಅಳಿಯ ಕ್ಷೇಮವಾಗಿದ್ದಾನೆ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಮಗನ ಮುಖ ನೋಡಿದರು. ಅದರಲ್ಲಿ ತಮಾಷೆ ಏನೂ ಇರಲಿಲ್ಲ. ಅರುವತ್ತು ದಾಟಿದ ಗಂಡಸು, ಕೊನೆಯ ಡಿಸ್ಕಿನ ಮುಂದೆ, ಪರೀಕ್ಷೆಗೆ ಹೋಗುವ ಹೊತ್ತಿಗೆ ಪೆನ್ನು ಕಳಕೊಂಡ ಮಗುವಿನ ಹಾಗೆ ನಿಂತಿದ್ದ.

"ಅಮ್ಮ, ನಾಳೆ ಬೆಳಿಗ್ಗೆಯ ಒಳಗೆ ಆಗುದಿಲ್ಲ. ನನ್ನಿಂದ ಆಗ್ಲಿಲ್ಲ."

ದೇಯಿಯಮ್ಮ ಹತ್ತಿರ ಬಂದು, ಕಣ್ಣು ಸರಿ ಕಾಣದ್ದರಿಂದ ಕೈಯಿಂದ ತಡವಿ ನೋಡಿದರು. ಬೈರಾಸಿನ ಅಡಿಗೆ ಅಂಗೈ ಹಾಕಿ ತಟ್ಟನೆ ಹಿಂದೆಗೆದರು.

"ಬೋಜ, ಇದಕ್ಕೆ ಜ್ವರ ಉಂಟು ಮಾರಾಯ! ಜ್ವರ ಬಂದದ್ದಕ್ಕೆ ಎರಡೆರಡು ಹೊದಿಕೆ ಹೊದಿಸಿ, ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡುದಾ? ನಿಮ್ಮನ್ನೆಲ್ಲ ನಾನು ಹೀಗಾ ಸಾಕಿದ್ದು?"

ಬೈರಾಸು ಎಳೆದರು. ತಾವೇ ಹೆಣೆದ ಹೊದಿಕೆಯನ್ನೂ ಎಳೆದರು. ಕೋಣೆಯಿಂದ ತಮ್ಮ ಅಡಿಕೆ ಹಾಳೆಯ ಬೀಸಣಿಗೆ ತಂದು, ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಗಾಳಿ ಹಾಕತೊಡಗಿದರು. ಅಕ್ಷಿತಾ ಕಿಟಕಿಗಳನ್ನು ತೆರೆದು ಫ್ಯಾನುಗಳನ್ನೆಲ್ಲ ಹಾಕಿದಳು. ಬೋಜಣ್ಣ "ಕರೆಂಟು, ಕರೆಂಟು" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಹತ್ತು ನಿಮಿಷ ಕಳೆಯಿತು. ಪರದೆಯ ಮೇಲಿನ ಹತ್ತೊಂಬತ್ತು ಗಂಟೆ ಹನ್ನೊಂದಾಯಿತು.

"ಇಳೀತು! ಇಳೀತು!" ಎಂದು ಗುಲಾಬಿ ಕುಣಿದಳು. ಅವಳು ಕಂಪ್ಯೂಟರನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಅಂದು.

ಹನ್ನೊಂದು ಆರಾಯಿತು, ಆರು ಮೂರಾಯಿತು. ದೇಯಿಯಮ್ಮನ ಕೈ ಸೋತಾಗ ವಾರಿಜ ಬೀಸಣಿಗೆ ತೆಗೆದುಕೊಂಡಳು. ಅವಳ ಕೈಯಿಂದ ಟೀಚರು ತೆಗೆದುಕೊಂಡರು. ಗಲಾಟೆ ಬೇಡ ಎಂದು ರಾಯರು ಒಬ್ಬೊಬ್ಬರಿಗೆ ಐದು ನಿಮಿಷದಂತೆ ಸರದಿ ನಿಗದಿ ಮಾಡಿ, ವಾಚು ನೋಡಿ "ಮುಂದಿನವರು" ಎಂದರು. ರೋಗಿಯನ್ನು ನೋಡಲು ಬಂದ ಹನ್ನೆರಡು ಜನ ಬ್ರೆಡ್ಡು ತಿಂದು, ಕಾಫಿ ಕುಡಿದು, ಸರದಿಯಲ್ಲಿ ಕಂಪ್ಯೂಟರಿಗೆ ಗಾಳಿ ಹಾಕಿದರು. ನಡುವೆ ದೀಪೇಶನ ಫೋನು ಬಂತು. ನಾಳೆ ಬೆಳಿಗ್ಗೆ ಬಜಪೆಗೆ ಇಳಿಯುವ ವಿಮಾನಕ್ಕೆ ಟಿಕೆಟ್ ಆಗಿದೆ ಎಂದ. ವಾರಿಜ ನಾಲಿಗೆ ಕಚ್ಚಿ, "ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳ್ತೇನೆ" ಎಂದಾಗ ದೇಯಿಯಮ್ಮ ಫೋನಿಗೆ ಕೈ ಒಡ್ಡಿದರು.

"ಎಂತಕ್ಕೆ ಕ್ಯಾನ್ಸಲು? ಬರ್ಲಿ. ಅವನನ್ನು ನೋಡದೆ ಎರಡು ವರ್ಷ ಆಯ್ತು. ಕಣ್ಣು ಸರಿಯಾದ ಕೂಡ್ಲೇ ನೋಡ್ಲಿಕ್ಕೆ ಒಂದು ಮುಖ ಬೇಡ್ವಾ?"

ಎರಡು ಗಂಟೆಗೆ ಕಂಪ್ಯೂಟರಿನ ಹೊಟ್ಟೆಯಿಂದ ತಟ್ಟೆ ಹೊರಗೆ ಬಂತು, ಮೇಲೆ ಬೆಚ್ಚಗಿನ ಡಿಸ್ಕು. ಎಲ್ಲರೂ ಚಪ್ಪಾಳೆ ತಟ್ಟಿ, ಸಾಲಾಗಿ ದೇಯಿಯಮ್ಮನ ಕೋಣೆಗೆ ನುಗ್ಗಿ, ಟೀವಿಯ ಮುಂದೆ ಜಾಗ ಹಿಡಿದರು. ದೇಯಿಯಮ್ಮ ಬಾಗಿಲಲ್ಲೇ ನಿಂತಿದ್ದರು.

"ನಿಮಗೆಲ್ಲ ದೊಡ್ಡ ಉಪಕಾರ. ಈಗ ಎಲ್ಲ ಹೊರಗೆ ಹೋಗಿ."

"ಅಮ್ಮ, ನನ್ನ ಮದುವೆ!" ಎಂದಳು ವಾರಿಜ.

"ನಿನ್ನ ಗಂಡ ಮನೆಯಲ್ಲೇ ಇದ್ದಾನಲ್ಲ, ಹೋಗಿ ನೋಡು."

ಬಾಗಿಲು ಮುಚ್ಚಿತು. ಕೆಳಗಿನವರೆಲ್ಲ ಮೆಟ್ಟಿಲಿಳಿದರು. ಮನೆಯವರು ಬಾಗಿಲಿಗೆ ಕಿವಿಕೊಟ್ಟು ನಿಂತರು. ಒಂದು ಗುಂಡಿಯ ಸದ್ದು. ತಟ್ಟೆ ಹೊರಗೆ, ತಟ್ಟೆ ಒಳಗೆ. ವಾಲಗ, ಹೆಂಗಸರ ನಗು, ಯಾರೋ ಪಾಯಸಕ್ಕೆ ಕೂಗುವುದು. ಆ ಮದುವೆಯ ಮಧ್ಯಾಹ್ನವೆಲ್ಲ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿತ್ತು. ಅಂದು ಐತಪ್ಪ ಮಗಳ ಮದುವೆಯೆಂದು ಒಪ್ಪಿ, ವಿಡಿಯೋವನ್ನು ಫೋಟೋ ಎಂದು ತಿಳಿದು ಎರಡು ನಿಮಿಷ ಜಾಗ ಬಿಟ್ಟು ಅಲುಗದೆ ನಿಂತಿದ್ದರೆಂದು ಬೋಜಣ್ಣನಿಗೆ ನೆನಪಿತ್ತು. ಆ ಹೊತ್ತು ಬಂತೆಂದು ಅವನಿಗೆ ತಿಳಿಯಿತು. ಸದ್ದೆಲ್ಲ ದೂರವಾಗಿ, ಹತ್ತಿರದಿಂದ ಒಂದು ಒರಟು ದನಿ ಕೇಳಿತು.

"ಬೋಜ, ಆ ಲೈಟು ಸ್ವಲ್ಪ ಆಚೆ ತಿರುಗಿಸು ಮಾರಾಯ. ಕಣ್ಣಿಗೆ ಕುತ್ತುತ್ತದೆ."

ಬಾಗಿಲ ಹೊರಗೆ ಬೋಜಣ್ಣನ ಬಲಗೈ ತಾನಾಗಿ ಮೇಲೆದ್ದು ಸ್ವಲ್ಪ ಆಚೆ ತಿರುಗಿತು. ಹೆಂಡತಿ ಬಾಗಿ ಆ ಕೈಯನ್ನು ನೋಡಿದಳು. ಒಳಗಿನ ದನಿ ಈಗ ಬೇರೆಲ್ಲಿಗೋ ಮುಖ ತಿರುಗಿಸಿ ಕೇಳಿತು.

"ದೇಯೀ, ನಿನ್ನ ಊಟ ಆಯ್ತಾ?"

ಗುಂಡಿಯ ಸದ್ದು. ಡಿಸ್ಕು ಹಿಂದಕ್ಕೆ. ಮತ್ತೆ ಲೈಟಿನ ಮಾತು, ಮತ್ತೆ ಊಟದ ಮಾತು. ಅಂದು ಮದುವೆಯ ಗದ್ದಲದಲ್ಲಿ ದೇಯಿಯಮ್ಮ ಉತ್ತರ ಕೊಟ್ಟಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಆ ಪ್ರಶ್ನೆಯ ಮೇಲೆ ವಾಲಗ ಬಂದು ಮುಚ್ಚುತ್ತದೆ. ಮೂರನೆಯ ಸಲ ಅವರು ಉತ್ತರ ಕೊಟ್ಟರು.

"ಎಲ್ಲಿ ಆಗ್ತದೆ? ನಿಮ್ಮ ಮಗ ಇವತ್ತು ಮಿಕ್ಸಿ ಹಾಕ್ಲಿಕ್ಕೇ ಬಿಡ್ಲಿಲ್ಲ."

ಬೋಜಣ್ಣ ಕಿಸೆಯಿಂದ ಕಪಾಟಿನ ಬೀಗದ ಕೈ ತೆಗೆದು ಬಾಗಿಗೆ ಕೊಟ್ಟ. ಬಾಲ್ಕನಿಗೆ ಓಡಿ, ಬುಟ್ಟಿ ಎತ್ತಿಕೊಳ್ಳುತ್ತಿದ್ದ ಗುಲಾಬಿಯನ್ನು ಇಡೀ ಕದ್ರಿಗೆ ಕೇಳುವ ಹಾಗೆ ಕರೆದ. ಆರು ಬಂಗುಡೆ ಉಳಿದಿದ್ದವು. ತೆಂಗಿನಕಾಯಿ ತುರಿಯುವ ಕೆಲಸ ವಾರಿಜಳ ಪಾಲಿಗೆ ಬಂತು. ಮೂರು ಗಂಟೆಗೆ, ಆದಿತ್ಯವಾರದ ಇತಿಹಾಸದಲ್ಲೇ ಅತ್ಯಂತ ತಡವಾಗಿ, ಮಿಕ್ಸಿ ಕೂಗಿತು.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಮಾಳಿಗೆಯಿಂದ "ಶುರುವಾಯ್ತು!" ಎಂಬ ದನಿ, ಅದರ ಹಿಂದೆಯೇ ಠಪ್ಪೆಂದು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಟೀಚರು ಅಷ್ಟು ಸಂತೋಷದಿಂದ ಕಿಟಕಿ ಮುಚ್ಚಿದ್ದನ್ನು ಯಾರೂ ಕೇಳಿರಲಿಲ್ಲ.

ಮುಚ್ಚಿದ ಕೋಣೆಯೊಳಗೆ ಐತಪ್ಪ ಮತ್ತೊಮ್ಮೆ ಊಟದ ವಿಚಾರ ಕೇಳಿದರು.

"ಸ್ವಲ್ಪ ತಡೀರಿ," ಎಂದರು ದೇಯಿಯಮ್ಮ. "ಕುದೀತಾ ಉಂಟು."